ಆಸರ ಇಲ್ಲ

ಜವಳಗೇರಾ ಕಾಲುವೆಯ ತೂಬಿನ ಸರಳಿಗೆ ಜಯಶ್ರೀಯ ಹೆಣ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಗದ್ದೆಗೆ ಹೊರಟ ಹೆಂಗಸರು ನೋಡಿ ಚೀರಿಕೊಂಡರು. ಇದೇ ಊರಿನವಳು, ಸಿಂಧನೂರಿನಲ್ಲಿ ರೂಮು ಮಾಡಿಕೊಂಡು ಕಂಪ್ಯೂಟರ್ ಪಾಠ ಹೇಳುತ್ತಿದ್ದ ಹುಡುಗಿ. ತಲೆಯ ಹಿಂದೆ ಪೆಟ್ಟು. ಕಾಲುವೆಯ ಕಲ್ಲು ತಾಗಿರಬೇಕು ಎಂದರು.

ಮಧ್ಯಾಹ್ನದೊಳಗೆ ಕಾರಣವೂ ಸಿಕ್ಕಿತು. ಮಸ್ಕಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅವಳ ಗೆಳೆಯ ಚನ್ನು ಅಳುತ್ತಾ ಬಂದು, ಪಿಎಸ್‌ಐ ಶೈಲಜಾಗೆ ಮೊಬೈಲ್ ತೋರಿಸಿದ. ಹಿಂದಿನ ಸಂಜೆ ಜಯಶ್ರೀ ಕಳಿಸಿದ್ದ ಸಂದೇಶ:

"ಆಸರ ಇಲ್ಲ. ಎಲ್ಲಾ ಕಡೆ ಹುಡುಕಿದೆ. ನನ್ ಕೈಲೆ ಆಗವಲ್ದು."

"ನೀ ಹೋಗಿ ನೋಡ್ಲಿಲ್ಲೇನು?"

"ಮಸ್ಕಿ ಬಿಟ್ಟು ಹೊರಗ ಬಿದ್ದಿಲ್ರೀ ಮೇಡಂ. ಫೋನ್ ನೋಡಿದ್ದ ಮುಂಜಾನಿ."

ಊರಿಗೆ ಇಷ್ಟು ಸಾಕಾಯಿತು. ಇಂಥ ಹೊತ್ತಲ್ಲಿ ನಮ್ಮ ಜನರ ಬಾಯಿ ನೋಡಬೇಕು! ತಂದೆಯಿಲ್ಲದ ಮಗಳಿಗೆ ತಾಯಿ ಆಸರವಾಗಲಿಲ್ಲವಂತೆ. ಸೋದರಮಾವ ನರಸಣ್ಣ ಮದುವೆ ಮದುವೆ ಎಂದು ಜೀವ ತಿಂದನಂತೆ.

ತಾಯಿ ಕನಕಮ್ಮ ಶೈಲಜಾಳ ಕೈ ಹಿಡಿದುಕೊಂಡಳು. "ನಾ ಇದ್ನೆಲ್ರೀ ಮೇಡಂ! ನಾ ಇನ್ನಾ ಜೀವಂತ ಇದ್ನೆಲ್ಲ! ಆಸರ ಇಲ್ಲ ಅಂತ ಯಾಕ ಬರದ್ಲು?"

ಶೈಲಜಾ ನರಸಣ್ಣನ ವಿಳಾಸ ಬರೆದುಕೊಂಡಳು.

*

ನರಸಣ್ಣ ಲಿಂಗಸುಗೂರಿನಲ್ಲಿ ಸಿಕ್ಕ.

"ಹೌದ್ರೀ, ಬೈದೀನಿ. ಗಂಡು ನೋಡೀನಿ ಅಂದೆ, ಒಲ್ಲೆ ಅಂದ್ಲು. ಆದ್ರ ಜೀವ ಕಳಕೊಳ್ಳೂವಂಥಾಕಿ ಅಲ್ರೀ ಆಕಿ."

ಸಂದೇಶ ಬಂದ ಆ ಸಂಜೆ ಅವನು ಅಲ್ಲೇ ನೆಂಟರ ಮನೆಯ ಬಸುರಿಯ ಕುಬಸದಲ್ಲಿ ಊಟಕ್ಕೆ ಬಡಿಸುತ್ತಿದ್ದ. ಇಡೀ ಓಣಿ ನೋಡಿತ್ತು.

*

ಸಿಂಧನೂರಿನ ರೂಮಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿತ್ತು. ಶೈಲಜಾ ತೆರೆದಳು. ಕಪ್ಪು ಪರದೆ. ಅದರ ತುಂಬ ಒಂದೇ ಸಾಲು, ಮತ್ತೆ ಮತ್ತೆ:

"ಆಸರ ಇಲ್ಲ: ಲೆಪ್ಟೋನಿಕಾ. ಕೆಲಸ ನಿಂತಿದೆ."

ಮೊಬೈಲಿನಲ್ಲಿದ್ದದ್ದೇ ಮಾತು. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಂ ಕಟ್ಟಬೇಕಾದರೆ ಅದಕ್ಕೆ ಬೇರೆ ಪ್ರೋಗ್ರಾಂಗಳ ಕಡತ ಬೇಕು. ಒಂದು ಸಿಗದಿದ್ದರೂ ಅದನ್ನು ಕಟ್ಟುವ ಕಂಪೈಲರ್ ಮುಷ್ಕರ ಹೂಡುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಡಿಪೆಂಡೆನ್ಸಿ ಎನ್ನುತ್ತಾರೆಂದು ಶೈಲಜಾ ಸೈಬರ್ ತರಬೇತಿಯಲ್ಲಿ ಕೇಳಿದ್ದಳು. ತಪ್ಪಿನ ಸಂದೇಶಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿಕೊಂಡಿದ್ದ ಈ ಹುಡುಗಿ ಅದಕ್ಕೆ 'ಆಸರ' ಎಂದು ಹೆಸರಿಟ್ಟಿದ್ದಳು.

ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ ಲ್ಯಾಪ್‌ಟಾಪಿನಲ್ಲಿ ಇತ್ತು. ಕಂಪೈಲರಿಗೆ ಬೇಕಾದ ಅದರ 'ಡೆವ್' ಕಡತ ಮಾತ್ರ ಇರಲಿಲ್ಲ. ಕೊನೆಯ ತಪ್ಪಿನ ಕೆಳಗೆ ಅದನ್ನು ಹಾಕಿದ ಸಾಲಿತ್ತು. ಯಾವಾಗ, ಎಲ್ಲಿಂದ ಬಂತು ಎಂಬುದೂ ಇತ್ತು: ಸಂದೇಶ ಹೋದ ಮೇಲೆ, ಅದೇ ರಾತ್ರಿ, 'ಚನ್ನು' ಎಂಬ ಹೆಸರಿನ ಪೆನ್‌ಡ್ರೈವಿನಿಂದ. ಆಮೇಲೆ ಪ್ರೋಗ್ರಾಂ ಪೂರ್ತಿ ಕಟ್ಟಿತ್ತು.

*

"ಈ ಪೆನ್‌ಡ್ರೈವ್ ನಿನ್ನ ಅಂಗಡ್ಯಾಗ, ಮೇಜಿನ ಮ್ಯಾಲೆ ಸಿಕ್ಕೈತಿ." ಶೈಲಜಾ ಅದನ್ನು ಚನ್ನುವಿನ ಮುಂದೆ ಹಿಡಿದಳು. " ನೀ ಮಸ್ಕಿ ಬಿಟ್ಟಿಲ್ಲಂದ್ರ, ಇದೊಂದ ನಡಕೊಂತ ಸಿಂಧನೂರಿಗೆ ಹೋಗಿ ಬಂತೇನು?"

ಚನ್ನು ತಲೆ ತಗ್ಗಿಸಿದ.

"ಆಸರ ಅಂದ್ರ ಏನಂತ ನಿನಗೊಬ್ಬಗ ಗೊತ್ತಿತ್ತು. ಅದಕ್ಕ ಕಡತ ತಗೊಂಡು ಬಂದಿ. ಆಮ್ಯಾಲೆ ಅದ ಮಾತನ್ನ ಸಾವಿನ ಚೀಟಿ ಮಾಡಿ ನನಗ ತೋರಿಸಿದಿ. ಹೌದಲ್ಲೋ?"

"ಪ್ರೋಗ್ರಾಂ ಓಡ್ತು ಮೇಡಂ. ಕಾಗದದ ಮ್ಯಾಲಿಂದು ಕನ್ನಡದಾಗ ಓದಿ ಹೇಳ್ತು. ಓದು ಬರದ ಅವ್ವಗಂತ ಮಾಡಿದ್ಲು. ಅವ್ವನ್ನ ಈಗ ಕರಕೊಂಡು ಬರೂಣು, ನಡಿ ಅಂದ್ಲು. ಕಾಲುವಿ ದಂಡಿ ಮ್ಯಾಲೆ ಬೈಕ್ ಜಾರ್ತು. ಆಕಿ ತಲಿ ಕಲ್ಲಿಗೆ ತಾಗಿ ನೀರಾಗ ಬಿದ್ಲು. ಕಲ್ಲು ಹಿಡಕೊಂಡು, ಚನ್ನೂ, ಕೈ ಕೊಡು ಅಂದ್ಲು. ನನಗ ಈಜು ಬರಂಗಿಲ್ರೀ. ಹೆದರಿ ಓಡಿದೆ."

"ಒಂದು ಕೂಗು ಹಾಕಾಕೂ ಈಜು ಬರಬೇಕೇನಲೇ?"

ಅವನು ಬಿಕ್ಕಿದ. ಅವನನ್ನು ನೋಡಿ ಶೈಲಜಾಗೆ ಕನಿಕರ ಬರಲಿಲ್ಲ.

*

ಶೈಲಜಾ ಜವಳಗೇರಾಕ್ಕೆ ತಾನೇ ಹೋದಳು. ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅದು ಕಂಪ್ಯೂಟರ್ ಮಾತವ್ವ. ನಿಮ್ಮ ಮ್ಯಾಲಿನ ಸಿಟ್ಟಲ್ಲ. ಆಕಿ ಸಾಯಾಕ ಹೋಗಿದ್ದಿಲ್ಲ. ನಿಮ್ಮನ್ನ ಕರಿಯಾಕ ಬರಾಕತ್ತಿದ್ಲು."

ಕನಕಮ್ಮ ಮುಖ ಎತ್ತಿದಳು. "ಬಿದ್ದಾಗ ಕೂಗಿದ್ಲೇನ್ರೀ?"

ಶೈಲಜಾಗೆ ಸುಳ್ಳು ಹೇಳಲಾಗಲಿಲ್ಲ. "ಹೂಂ."

"ನನ್ನ ಮಗಳ ದನಿ ಸಣ್ಣದ್ರೀ." ಕನಕಮ್ಮ ಬಾಗಿಲಾಚೆ ಕೈ ತೋರಿಸಿದಳು. ಕಾಲುವೆ ಅಲ್ಲೇ ಹರಿಯುತ್ತಿತ್ತು. "ಅಂವ ಒಂದ ಸಲ ಕೂಗಿದ್ರ, ನಾ ಓಡಿ ಬರತಿದ್ನೆಲ್ರೀ."

ಶೈಲಜಾ ಟೋಪಿ ತೆಗೆದು ಅವಳ ಪಕ್ಕ ನೆಲದ ಮೇಲೆ ಕುಳಿತಳು. ಇಬ್ಬರೂ ಅತ್ತರು.