ರವಿಕುಮಾರ ಹಿಂಗೆ ಮಾಡೋನಲ್ಲ

"ಅಲ್ಲ ಕಣ್ರೀ ಗಾನವಿ, ಆ ಯಮ್ಮ ನಮ್ಮ ರವಿಕುಮಾರನ್ನ ಪೂರ್ತಿ ಕೆಡಿಸಿಬಿಟ್ಲು!"

ಬೀರೂರು ಸ್ಟೇಷನ್ನಿನಲ್ಲಿ ಸಂಜೆಯ ಪ್ಯಾಸೆಂಜರ್‌ಗೆ ಕಾಯುತ್ತ ಹಾಲೇಶ್ ಮೊಬೈಲ್ ತೋರಿಸಿ ಕೂಗಾಡಿದ. ಗಾನವಿ ತುಟಿ ಕಚ್ಚಿ ನಗು ತಡೆದಳು. ಆ ಯಮ್ಮ ಅವಳೇ.

ಇಬ್ಬರಿಗೂ ಕಾದಂಬರಿಗಾರ್ತಿ ದಾಕ್ಷಾಯಣಮ್ಮ ಎಂದರೆ ಪ್ರಾಣ. ಪರಿಚಯವಾದದ್ದೂ ಇದೇ ರೈಲಿನಲ್ಲಿ, ಇಬ್ಬರ ಕೈಯಲ್ಲೂ ಅವರದೇ ಕಾದಂಬರಿ ಇದ್ದುದರಿಂದ. ಅದರ ಕೊನೆಯಲ್ಲಿ ರವಿಕುಮಾರ ತನ್ನನ್ನೇ ನಂಬಿದ್ದ ಅನುಪಮಾಳನ್ನು ಬಿಟ್ಟು ಹೋಗುತ್ತಾನೆ. ಗಾನವಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. ಬರೆದವರು ಬಿಟ್ಟರೆ ನಾನು ಬಿಡುತ್ತೇನೆಯೇ ಎಂದು, 'ಮೊಗ್ಗು' ಎಂಬ ಹೆಸರಿನಲ್ಲಿ ಆ್ಯಪ್ ಒಂದರಲ್ಲಿ ಮುಂದಿನ ಕಥೆಯನ್ನು ತಾನೇ ಬರೆಯತೊಡಗಿದಳು. ಫ್ಯಾನ್ ಫಿಕ್ಷನ್ನಿನ ಮಜವೇ ಅದು. ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ ನಮಗೆ ಬೇಕಾದ ಒಗ್ಗರಣೆ ಹಾಕಬಹುದು!

"ಏನ್ ಕೆಡಿಸಿದ್ಲು ಅಂಥದ್ದು?"

"ರವಿಕುಮಾರ ಎಷ್ಟು ಗತ್ತಿನ ಮನುಷ್ಯ! ಅಂಥೋನು ಟ್ರೇನ್ ನಿಲ್ಲೋಕ್ ಮುಂಚೆ ಓಡಿಹೋಗಿ, ಕಿಟಕೀಲಿ ಟವೆಲ್ ಹಾಕಿ ಅನುಪಮಾಗೆ ಸೀಟ್ ಹಿಡೀತಾನಂತೆ. ದಾಕ್ಷಾಯಣಮ್ಮನೋರ ರವಿಕುಮಾರ ಹಿಂಗೆ ಮಾಡೋನಲ್ಲ. ಇವ್ಳು ಇನ್ಯಾರನ್ನೋ ಮನಸಲ್ಲಿಟ್ಕೊಂಡು ಬರೀತಾವ್ಳೆ."

"ಇದ್ರೂ ಇರ್ಬೋದು," ಎಂದಳು ಗಾನವಿ. ಕೆನ್ನೆ ಬಿಸಿಯಾಯಿತು.

ಅಷ್ಟರಲ್ಲಿ ರೈಲು ಬಂತು. ಹಾಲೇಶ್ ಮಾತು ಅರ್ಧಕ್ಕೇ ಬಿಟ್ಟು ಓಡಿದ. ಹೆಗಲ ಮೇಲಿನ ಹಸಿರಂಚಿನ ಟವೆಲನ್ನು ಕಿಟಕಿಯ ಕಂಬಿಗಳ ನಡುವೆ ತೂರಿಸಿ, "ಬನ್ರೀ ಬನ್ರೀ, ಸೀಟ್ ಸಿಕ್ತು!" ಎಂದು ಕೈಬೀಸಿದ.

ಅಯ್ಯೋ ದೇವರೇ, ಇಂಥ ಪೆದ್ದನೂ ಇರುತ್ತಾನೆಯೇ!

ಎದುರುಬದುರು ಕೂತರು. ಹಾಲೇಶ್ ಬೀರೂರಿನ ಟ್ರ್ಯಾಕ್ಟರ್ ಶೋರೂಮಿನ ಮೆಕ್ಯಾನಿಕ್. ಸೋಮವಾರದಿಂದ ಅವನಿಗೆ ತರೀಕೆರೆ ಬ್ರ್ಯಾಂಚಿನಲ್ಲಿ ಡ್ಯೂಟಿ. ತನ್ನೂರು ಅಜ್ಜಂಪುರದಿಂದ ಬಸ್ಸಿನಲ್ಲಿ ಓಡಾಟ. ಜೊತೆಯ ರೈಲು ಇವತ್ತೇ ಕೊನೆ. ಈಗ ಹೇಳದಿದ್ದರೆ ಇವನು ಕೈತಪ್ಪಿ ಹೋಗುತ್ತಾನೆ ಎಂದು ಗಾನವಿಯ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಹೆದರಿ ಕೂರುವ ಜಾಯಮಾನ ಅವಳದಲ್ಲ. ಮೊಬೈಲ್ ತೆಗೆದು, ಕೊನೆಯ ಅಧ್ಯಾಯಕ್ಕೆ ಇನ್ನೊಂದಿಷ್ಟು ಸಾಲು ಸೇರಿಸಿ ಪೋಸ್ಟ್ ಮಾಡಿಯೇಬಿಟ್ಟಳು.

ಹಾಲೇಶನ ಮೊಬೈಲ್ ಟಿಣ್ ಎಂದಿತು.

"ಬಂತು ನೋಡಿ ಆ ಯಮ್ಮಂದು!" ಎಂದವನೇ ಜೋರಾಗಿ ಓದಿದ. "'ಅನುಪಮಾ ಹೇಳಿದಳು: ದಿನಾ ನನಗೆ ಸೀಟು ಹಿಡಿಯೋ ಮಹಾರಾಯ, ಆ ಹಸಿರಂಚಿನ ಟವೆಲ್ಲು, ಅದರ ಮೂಲೆಯ ಗ್ರೀಸ್ ಕಲೆ ಕೂಡ ನನಗಿಷ್ಟ. ಸೋಮವಾರದಿಂದ ನೀನು ತರೀಕೆರೆ ಬಸ್ಸು...'"

ದನಿ ಅಲ್ಲಿಗೇ ನಿಂತಿತು. ಅವನು ತೊಡೆಯ ಮೇಲಿದ್ದ ಟವೆಲ್ಲಿನ ಮೂಲೆ ಹುಡುಕಿದ. ಕಲೆ ಇತ್ತು. ಮೆಲ್ಲಗೆ ತಲೆಯೆತ್ತಿದ. ಗಾನವಿ ಕಣ್ಣು ತಪ್ಪಿಸಲಿಲ್ಲ.

"ನೀವಾ?"

"ನಾನೇ. ರವಿಕುಮಾರನ್ನೇ ಬರೆಯೋಣ ಅಂತ ಕೂತ್ಕೊತಿದ್ದೆ ಕಣ್ರೀ. ಪ್ರತಿ ಸಲ ನೀವೇ ಬಂದ್ಬಿಡ್ತಿದ್ರಿ. ನಂಗೆ ನೀವಂದ್ರೆ ಇಷ್ಟ. ಈಗ ಹೇಳಿ ನಿಮ್ಮ ವಿಮರ್ಶೆ."

ಅಷ್ಟು ಹೊತ್ತು ಕೂಗಾಡಿದವನು ಈಗ ಕಿವಿಯ ತನಕ ಕೆಂಪಾಗಿ ಮೊಬೈಲಿನಲ್ಲಿ ಏನೋ ಒತ್ತುತ್ತ, ಅಳಿಸುತ್ತ, ಮತ್ತೆ ಒತ್ತುತ್ತ ಕೂತ. ಅಜ್ಜಂಪುರ ಹತ್ತಿರವಾದಾಗ ಗಾನವಿಯ ಮೊಬೈಲಿಗೆ ಅವನ ಕಾಮೆಂಟ್ ಬಂತು.

'ಮೊಗ್ಗು ಅವರೇ, ರವಿಕುಮಾರ ಹಿಂಗೆ ಮಾಡೋನಲ್ಲ ಅಂತ ಈಗ್ಲೂ ಹೇಳ್ತೀನಿ. ಹಾಲೇಶ್ ಮಾಡ್ತಾನೆ. ಬದುಕಿರೋ ತನಕ ಮಾಡ್ತಾನೆ. ಭಾನುವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?'

ಗಾನವಿ ಅವನ ತೊಡೆಯ ಮೇಲಿದ್ದ ಟವೆಲ್ ಎಳೆದು, ಮಡಿಸಿ, ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಇದು ವಾಪಸ್ ಬೇಕು ಅಂದ್ರೆ ಬರ್ಲೇಬೇಕು," ಎಂದಳು.