ನಕಲಿನ ಜೊತೆ ಬಂದ ದೂರುಗಳು

ಬಸ್ಸು ಶಾಲೆಯ ಕಾಂಪೌಂಡ್ ಗೋಡೆಯೊಳಗೆ ಅರ್ಧ ಹೊಕ್ಕು ನಿಂತಿತ್ತು. ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಟೀಚರ್, ಮಕ್ಕಳನ್ನೆಲ್ಲ ಆಚೆ ತಳ್ಳಿ, ತಾವು ಚಕ್ರದಡಿ ಸಿಕ್ಕು ಪ್ರಾಣ ಬಿಟ್ಟಿದ್ದರು.

ಇನ್‌ಸ್ಪೆಕ್ಟರ್ ರಸ್ತೆಯನ್ನು ಮೇಲಿಂದ ಕೆಳಗೆ ನಡೆದು ನೋಡಿದಳು. ಇಳಿಜಾರು. ಟೈರು ಉಜ್ಜಿದ ಗುರುತು ಎಲ್ಲೂ ಇಲ್ಲ.

"ಬ್ರೇಕ್ ಹಿಡೀಲೇ ಇಲ್ಲ ಮೇಡಂ," ಸ್ಟ್ರೆಚರ್ ಮೇಲಿದ್ದ ಡ್ರೈವರ್ ನರಳಿದ. "ಸರಿ ಮಾಡಿಸಿ ಅಂತ ಬಾಯಿ ಬಡ್ಕೊಂಡೆ. ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ."

* * *

"ಕುಡಿದಿರ್ತಾನೆ ಬಿಡಿ," ಎಂದ ಡಿಪೊ ಮ್ಯಾನೇಜರ್. ಅವನ ಕುರ್ಚಿಯ ಹಿಂದೆ 'ಬಾಕಿ ದೂರುಗಳಿಲ್ಲದ ಡಿಪೊ' ಎಂಬ ಫಲಕ ಮಿರಮಿರ ಮಿಂಚುತ್ತಿತ್ತು.

"ರಕ್ತ ಪರೀಕ್ಷೆ ಆಯ್ತು. ಕುಡಿದಿಲ್ಲ."

"ಹಾಗಾದ್ರೆ ಮೆಕ್ಯಾನಿಕ್ ಕಳ್ಳಬಿದ್ದಿದ್ದಾನೆ. ಇಲ್ಲಿ ನೋಡಿ, ಆ ಬಸ್ಸಿನ ಮೇಲೆ ದೂರೇ ಇಲ್ಲ."

ಅವನು ಕಂಪ್ಯೂಟರ್ ತಿರುಗಿಸಿದ. ಒಂದು ಹಾಳೆಯಲ್ಲಿ ದೂರುಗಳ ಉದ್ದನೆಯ ಪಟ್ಟಿ. ಇನ್ನೊಂದರಲ್ಲಿ ಅದನ್ನೆಲ್ಲ ಬಸ್ಸುವಾರು ಒಟ್ಟು ಹಾಕಿ ತೋರಿಸುವ ಪಿವಟ್ ಟೇಬಲ್. ಎರಡರಲ್ಲೂ ಆ ಬಸ್ಸಿನ ಸುಳಿವಿಲ್ಲ.

ಇನ್‌ಸ್ಪೆಕ್ಟರ್ ಕಂಪ್ಯೂಟರ್ ವಶಪಡಿಸಿಕೊಂಡು ಶೆಡ್ಡಿಗೆ ನಡೆದಳು. ಮೆಕ್ಯಾನಿಕ್ ಮುಖ ಕೆಂಪಾಗಿತ್ತು.

"ಡ್ರೈವರ್ ನನ್ನ ಹೆಂಡತಿ ತಮ್ಮ ಮೇಡಂ. ಅವನ ಗಾಡಿ ನಾನು ನೋಡದೆ ಬಿಡ್ತೀನಾ? ಗಾಡಿ ನಿಲ್ಸಿ ಅಂತ ಆಫೀಸಲ್ಲಿ ಬರೆಸಿದ್ದೆ. ಈಗ ಏನೂ ಇಲ್ಲ ಅಂತಾರೆ. ಮನೇಲಿ ಅವಳು ನನ್ನ ಜೊತೆ ಮಾತೇ ಬಿಟ್ಟಿದ್ದಾಳೆ."

ಸುಳ್ಳು ಹೇಳುವವನ ಧ್ವನಿಯಲ್ಲ. ಆದರೆ ಧ್ವನಿ ಸಾಕ್ಷಿಯಾಗುವುದಿಲ್ಲ.

* * *

ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿ ಡಿಪೊ ಗುಮಾಸ್ತೆ ಊರಿಂದ ಬಂದಿಳಿದದ್ದು ಮರುದಿನ. ನೇರ ಠಾಣೆಗೇ ಬಂದಳು.

"ಆ ದೂರುಗಳನ್ನ ಟೈಪ್ ಮಾಡಿದ್ದೇ ನಾನು! ಹೇಗೆ ಮಾಯ ಆಗತ್ತೆ?"

"ತಿಂಗಳ ವರದಿ ಕೇಂದ್ರ ಕಚೇರಿಗೆ ಕಳಿಸೋದು ನೀವೇನಾ?"

"ಹೂಂ. ಟೇಬಲ್ ಕಾಪಿ ಮಾಡಿದ್ರೆ ಅದರ ಹಿಂದಿರೋ ಕಸವೆಲ್ಲ ಅಂಟ್ಕೊಂಡು ಬರತ್ತೆ ಅಂತ ನಾನು ಬರೀ ಅಂಕಿ ಅಂಟಿಸ್ತೀನಿ. ಈ ಸಲ ಮಾತ್ರ ನಾನು ರಜ."

ಹಾಗಾದರೆ ಈ ಸಲ ಕಳಿಸಿದವರು ಆ ಕಸವನ್ನೂ ಜೊತೆಗೆ ಕಳಿಸಿರಬಹುದು. ಇನ್‌ಸ್ಪೆಕ್ಟರ್ ಜೀಪಿನ ಕೀಲಿ ಎತ್ತಿಕೊಂಡಳು.

ಕೇಂದ್ರ ಕಚೇರಿಯ ಸುರಕ್ಷತಾ ಅಧಿಕಾರಿ ವರದಿ ತೆರೆದ. "ಅಪಘಾತಕ್ಕೆ ಮುಂಚೆ ಬಂದದ್ದು. ಇದರಲ್ಲೂ ಆ ಬಸ್ಸಿಲ್ಲ. ಒಂದ್ನಿಮಿಷ, ರಿಫ್ರೆಶ್ ಮಾಡಿ ನೋಡ್ತೀನಿ."

"ಮುಟ್ಟಬೇಡಿ!" ಇನ್‌ಸ್ಪೆಕ್ಟರ್ ಮೌಸ್ ಕಿತ್ತುಕೊಂಡಳು. "ರಿಫ್ರೆಶ್ ಅಂದ್ರೆ ಡಿಪೊದ ಮೂಲ ಫೈಲಿಂದ ಹೊಸದಾಗಿ ತುಂಬ್ಕೊಳ್ಳೋದು. ಅದು ಸಿಕ್ಕಿಬಿಟ್ರೆ ಇದೂ ತಿದ್ದಿಹೋಗತ್ತೆ."

ಗುಮಾಸ್ತೆ ಕಳಿಸುತ್ತಿದ್ದ ಬರೀ ಅಂಕಿಗಳಲ್ಲ ಇವು. ಇಡೀ ಪಿವಟ್ ಟೇಬಲ್ಲೇ ಬಂದು ಕೂತಿತ್ತು. ಅದರ ತಲೆಯ ಮೇಲೆ ಫಿಲ್ಟರಿನ ಪುಟ್ಟ ಗುರುತು. ಆಕೆ ಅದನ್ನು ಒತ್ತಿದಳು. 'ಸರಿಪಡಿಸಿದ್ದು' ಎಂಬುದಕ್ಕೆ ಮಾತ್ರ ಟಿಕ್ ಇತ್ತು. 'ಬಾಕಿ' ಎಂಬುದಕ್ಕೂ ಹಾಕಿದಳು.

ಟೇಬಲ್ ಉಬ್ಬಿತು. ಆ ಬಸ್ಸು ಪ್ರತ್ಯಕ್ಷವಾಯಿತು. ಅದರ ಮುಂದಿದ್ದ ಅಂಕಿಯನ್ನು ಎರಡು ಸಲ ಒತ್ತಿದಳು. ಹೊಸ ಹಾಳೆ ತೆರೆದುಕೊಂಡು, ಡಿಪೊದಲ್ಲಿ ಅಳಿಸಿಹೋಗಿದ್ದ ಸಾಲುಗಳೆಲ್ಲ ಸುರಿದವು. ಕೊನೆಯ ಸಾಲು: 'ಬ್ರೇಕ್ ಅಪಾಯ. ಗಾಡಿ ನಿಲ್ಲಿಸಲು ಮೆಕ್ಯಾನಿಕ್ ಕೋರಿಕೆ. ಮ್ಯಾನೇಜರ್ ಆದೇಶದಂತೆ ಗಾಡಿ ಬಿಡಲಾಗಿದೆ.'

ಇನ್‌ಸ್ಪೆಕ್ಟರ್ ಮೈ ಉರಿದುಹೋಯಿತು. ಒಂದು ಫಲಕಕ್ಕಾಗಿ!

* * *

"ಈ ತಿಂಗಳ ವರದಿ ಕಳಿಸಿದ್ದು ಯಾರು?" ಡಿಪೊಗೆ ಮರಳಿದ ಇನ್‌ಸ್ಪೆಕ್ಟರ್ ತಣ್ಣಗೆ ಕೇಳಿದಳು.

"ನಾನೇ," ಎಂದ ಮ್ಯಾನೇಜರ್. "ಆಯಮ್ಮ ರಜ ಹಾಕಿ ನನ್ನ ತಲೆಗೆ ಕಟ್ಟಿದ್ಲು. ದರಿದ್ರ ಸಾಫ್ಟ್‌ವೇರ್! ಕಾಪಿ ಮಾಡಿದ್ರೆ ಕಾಲಂ ಅಗಲ ಕೆಡತ್ತೆ. ಅಂಕಿ ತಿದ್ದಕ್ಕೆ ಹೋದ್ರೆ ಬಿಡಲ್ಲ."

"ಅಂಕಿ ಯಾಕ್ರೀ ತಿದ್ದಬೇಕಿತ್ತು?"

ಅವನು ಮೇಜಿನ ಮೇಲಿನ ಫೋನಿಗೆ ಕೈ ಹಾಕಿದ; ಆಕೆ ಅದನ್ನು ಆಚೆ ಸರಿಸಿದಳು.

"ತಿದ್ದಕ್ಕೆ ಬಿಡಲಿಲ್ಲ, ಫಿಲ್ಟರ್ ಹಾಕಿ ಬಾಕಿ ದೂರು ಮುಚ್ಚಿದ್ರಿ. ಕಣ್ಣಿಗೆ ಕಾಣೋದಷ್ಟೇ ಕಾಪಿ ಆಗತ್ತೆ ಅಂದ್ಕೊಂಡ್ರಿ. ಟೇಬಲ್ ತನ್ನ ಹಿಂದಿನ ಸಾಲುಗಳನ್ನೆಲ್ಲ ಹೊತ್ಕೊಂಡೇ ಹೋಯ್ತು. ಟೀಚರ್ ಸತ್ತ ಮೇಲೆ ಇಲ್ಲಿನ ಫೈಲಲ್ಲಿ ಸಾಲು ಅಳಿಸಿ, ಟೇಬಲ್ ರಿಫ್ರೆಶ್ ಮಾಡಿದ್ರಿ. ಗುಮಾಸ್ತೆ ಊರಲ್ಲಿರಲಿಲ್ಲ. ಅವರು ಬರೋ ಹೊತ್ತಿಗೆ ಕಂಪ್ಯೂಟರ್ ನಮ್ಮ ಹತ್ರ ಇತ್ತು. ನಡುವೆ ಆ ಫೈಲ್ ಇದ್ದದ್ದು ನಿಮ್ಮೊಬ್ಬರ ಕೈಲಿ."

"ಮೇಡಂ, ಎಲ್ಲಾ ಡಿಪೊದಲ್ಲೂ ಹಿಂಗೇ ಮಾಡ್ತಾರೆ..."

"ಹಾಗಾದ್ರೆ ಎಲ್ಲಾ ಡಿಪೊಗೂ ಹೋಗ್ತೀನಿ. ಮೊದಲು ನೀವು ಏಳಿ. ಒಂದು ಹೆಂಗಸಿನ ಜೀವ ತೆಗೆದು, ಕೈಕಾಲು ಮುರಿದು ಮಲಗಿರೋನ ತಲೆಗೆ ಅದನ್ನ ಕಟ್ಟಕ್ಕೆ ಹೊರಟಿದ್ರಲ್ಲ, ನಾಚಿಕೆ ಆಗಲ್ವಾ?"

* * *

ಅಪಘಾತದ ಆರೋಪಿಯೆಂದು ಡ್ರೈವರ್‌ಗೆ ಹಾಕಿದ್ದ ಕೈಕೋಳವನ್ನು ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿ ತೆಗೆಸಿದಳು. ಪಕ್ಕದಲ್ಲಿದ್ದ ಅವನ ಅಕ್ಕ ಎಲ್ಲ ಕೇಳಿ, ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿದಳು.

"ನೀವು ಬರೆಸಿದ್ದು ನಿಜಾನಾ?"

"ಅವತ್ತಿಂದ ಅದನ್ನೇ ತಾನೇ ಹೇಳ್ತಿರೋದು?" ಅವಳು ಎದ್ದು ಹೋಗಿ ಅವನ ಪಕ್ಕ ನಿಂತಳು.

ಡ್ರೈವರ್ ಮಾತ್ರ ಗೋಡೆ ನೋಡುತ್ತಿದ್ದ. "ಟೀಚರ್ ಮನೆಯವರಿಗೆ ಇದನ್ನೆಲ್ಲ ಯಾರು ಹೇಳ್ತಾರೆ ಮೇಡಂ?"

"ಈಗ ಅಲ್ಲಿಗೇ ಹೊರಟಿದ್ದೀನಿ."

"ನಾನೂ ಬರ್ತೀನಿ," ಎಂದ ಮೆಕ್ಯಾನಿಕ್. "ಆ ಗಾಡಿ ಹೊರಗೆ ಹೋಗ್ತಿದ್ದಾಗ ಗೇಟಿಗೆ ಅಡ್ಡ ಮಲಗಬೇಕಿತ್ತು ನಾನು. ಅದನ್ನ ನನ್ನ ಬಾಯಲ್ಲೇ ಹೇಳ್ತೀನಿ."