ಬಾಯಿ ಬಿಡಬೇಡ

"ಏನಂತ ಬರ್ದವ್ರೆ? ಓದಮ್ಮ," ಎಂದು ಅಪ್ಪ ಮೊಬೈಲನ್ನು ಅಶ್ವಿನಿಯ ಮುಖದ ಮುಂದೆ ಹಿಡಿದ.

ಶಿವಮೊಗ್ಗದ ಲ್ಯಾಬಿನಿಂದ ಬಂದ ರಿಪೋರ್ಟ್ ಅದು. ಮೇಲೆ ಅಜ್ಜಿಯ ಹೆಸರಿತ್ತು: ಕಲ್ಲಮ್ಮ, ಅರವತ್ತೆಂಟು ವರ್ಷ. ಕೆಳಗೆ ದಪ್ಪ ಅಕ್ಷರದಲ್ಲಿ ಇಂಗ್ಲಿಷಿನ ಎರಡೇ ಪದ. ಐದನೇ ಕ್ಲಾಸಿನ ಅಶ್ವಿನಿಗೆ ಅದನ್ನು ಓದುವುದೇನೂ ಕಷ್ಟವಿರಲಿಲ್ಲ.

"ನೋ ಗ್ರೋತ್. ಏನೂ ಬೆಳೆದಿಲ್ಲ ಅಂತ."

"ಸದ್ಯ, ಏನೂ ಇಲ್ವಂತೆ ಕಣವ್ವ," ಎಂದು ಅಪ್ಪ ಒಳಗೆ ಮಲಗಿದ್ದ ಅಜ್ಜಿಗೆ ಕೇಳುವಂತೆ ಕೂಗಿದ. ಅವನ ಮೋಟರ್ ರಿಪೇರಿ ಅಂಗಡಿ ನಾಲ್ಕು ದಿನದಿಂದ ಬಾಗಿಲು ಹಾಕಿತ್ತು. ಷರಟು ತೊಟ್ಟು ಹೊರಟೇಬಿಟ್ಟ.

ಏನೂ ಇಲ್ಲದಿದ್ದರೆ ಅಜ್ಜಿಯ ಕೆನ್ನೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಊದಿರುವುದು ಯಾಕೆ? ಅಪ್ಪನಿಗೆ ಗೊತ್ತಿರಲಿಲ್ಲ. ಅಶ್ವಿನಿಗೆ ಗೊತ್ತಿತ್ತು.

ಹತ್ತು ದಿನದ ಹಿಂದೆ ಅಜ್ಜಿಯನ್ನು ಅಜ್ಜಂಪುರದಿಂದ ತರೀಕೆರೆಗೆ, ಹಲ್ಲಿನ ಡಾಕ್ಟರ್ ಸೌಮ್ಯ ಅವರ ಹತ್ತಿರ ಕರೆದುಕೊಂಡು ಹೋಗಿದ್ದರು. ಅಜ್ಜಿಗೆ ಸಕ್ಕರೆ ಕಾಯಿಲೆ ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿದ ಮಾತ್ರೆ ಒಂದೂ ನಾಟಿರಲಿಲ್ಲ.

"ಒಳಗಿರೋದು ಯಾವ ಕ್ರಿಮಿ ಅಂತ ಮೊದ್ಲು ಗೊತ್ತಾಗ್ಬೇಕು," ಎಂದರು ಡಾಕ್ಟರ್. "ಕೀವು ತೆಗೆದು ಲ್ಯಾಬಿಗೆ ಕಳಿಸ್ತೀನಿ. ಅವರು ಅದನ್ನ ಒಂದು ಪುಟ್ಟ ತಟ್ಟೇಲಿ ಹಾಕಿ ಬೆಳೆಸ್ತಾರೆ. ಬೆಳೆದ್ರೆ ಅದು ಯಾವ ಜಾತಿ, ಯಾವ ಔಷಧಿಗೆ ಸಾಯುತ್ತೆ, ಎಲ್ಲಾ ಗೊತ್ತಾಗುತ್ತೆ."

"ನನ್ ಹುಳುಕು ಹಲ್ಲಿನ ಹುಳಾನ ಬಿತ್ತನೆ ಮಾಡ್ತಾರಂತಲ್ಲೇ," ಎಂದು ಅಜ್ಜಿ ಅಶ್ವಿನಿಯ ಕಿವಿಯಲ್ಲಿ ಹೇಳಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕ ತಪ್ಪಿಗೆ ಅಜ್ಜಿಯ ನೋವು ಇನ್ನಷ್ಟು ಜಾಸ್ತಿಯಾಯಿತು.

ಡಾಕ್ಟರ್ ಒಂದು ಮಾತನ್ನು ಒತ್ತಿ ಹೇಳಿದ್ದರು. ಕೀವು ತೆಗೆಯುವ ಮುಂಚೆ ಮೂರು ದಿನ, ನೋವಿನ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟು ಬೇರೆ ಮಾತ್ರೆ ನುಂಗಬಾರದು. ನುಂಗಿದರೆ ಕ್ರಿಮಿಗಳು ಅರೆಜೀವವಾಗಿ ಲ್ಯಾಬಿನಲ್ಲಿ ಬೆಳೆಯುವುದಿಲ್ಲ. ಆಮೇಲೆ ಯಾವ ಕ್ರಿಮಿ ಅಂತ ಹುಡುಕುವುದು ಹೇಗೆ?

ಮಾರನೆಯ ದಿನ ಅಶ್ವಿನಿ ಸ್ಕೂಲಿನಿಂದ ಬಂದಾಗ ಅಜ್ಜಿ ಗೋಡೆಗೆ ತಲೆ ಒತ್ತಿಕೊಂಡು ಅಳುತ್ತಿದ್ದಳು. ಅಜ್ಜಿ ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ.

"ಅಟ್ಟದ ಮೇಲಿನ ಡಬ್ಬೀಲಿ ಮೆಡಿಕಲ್ ಶಾಪಿಂದ ತಂದ ಕೆಂಪು ಮಾತ್ರೆ ಉಳ್ದೈತೆ, ಕೊಡು ಮಗಾ. ಸ್ಟೂಲ್ ಹತ್ತೋಕೆ ನನ್ ಮಂಡಿ ಬರಲ್ಲ."

"ಡಾಕ್ಟರ್ ಬೇಡ ಅಂದವ್ರಲ್ಲ ಅಜ್ಜಿ."

"ನೋಯ್ತಿರೋದು ಡಾಕ್ಟರ್ ಹಲ್ಲಲ್ಲ ಕಣೇ, ನನ್ ಹಲ್ಲು."

ಅಶ್ವಿನಿ ಸ್ಟೂಲ್ ಹತ್ತಿದಳು. ಮಾತ್ರೆ ನುಂಗಿದ ಮೇಲೆ ಅಜ್ಜಿ ಅವಳ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ನನ್ನಾಣೆ. ನಿಮ್ಮಪ್ಪನ ಹತ್ರ ಬಾಯಿ ಬಿಡಬೇಡ."

ಆಣೆ ಮುರಿದರೆ ಯಾರ ತಲೆ ಮುಟ್ಟಿ ಆಣೆ ಮಾಡಿದ್ದೇವೋ ಅವರು ಸಾಯುತ್ತಾರೆ. ಇದು ಅಶ್ವಿನಿಯ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಮೂರು ದಿನ, ದಿನಕ್ಕೆ ಎರಡರಂತೆ, ಅವಳೇ ಮಾತ್ರೆ ಇಳಿಸಿಕೊಟ್ಟಳು. ನಾಲ್ಕನೇ ದಿನ ಡಾಕ್ಟರ್ ಸಿರಿಂಜಿನಲ್ಲಿ ಕೀವು ಎಳೆದು ಲ್ಯಾಬಿಗೆ ಕಳಿಸಿದರು. ಆಗಲೂ ಅವಳು ಬಾಯಿ ಬಿಡಲಿಲ್ಲ.

ರಿಪೋರ್ಟ್ ನೋಡಿ ಅಪ್ಪನಿಗಾದ ಸಮಾಧಾನ ಡಾಕ್ಟರ್‌ಗೆ ಆಗಲಿಲ್ಲ. ಅಂದಾಜಿನ ಮೇಲೆ ಒಂದು ಔಷಧಿ ಬರೆದುಕೊಟ್ಟು, ಊತ ಜಾಸ್ತಿಯಾದರೆ ತಕ್ಷಣ ಬನ್ನಿ ಎಂದರು. ಎರಡೇ ದಿನಕ್ಕೆ ಊತ ಕುತ್ತಿಗೆಗೆ ಇಳಿಯಿತು. ಅಪ್ಪ ಕಾರು ಮಾಡಿಕೊಂಡು ಬಂದ. ಅಶ್ವಿನಿ ಯಾರನ್ನೂ ಕೇಳದೆ ಹತ್ತಿ ಕುಳಿತಳು.

"ಅಜ್ಜಿ, ಬಾಯಿ ಬಿಡಿ," ಎಂದರು ಡಾಕ್ಟರ್ ಸೌಮ್ಯ.

ಬಾಯಿ ಒಂದು ಬೆರಳು ತೂರುವಷ್ಟೂ ತೆರೆಯಲಿಲ್ಲ. ದವಡೆ ಕಚ್ಚಿಕೊಂಡುಬಿಟ್ಟಿತ್ತು.

"ಈಗ್ಲೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ. ಗಂಟಲು ಕಟ್ಟಿದ್ರೆ ಉಸಿರಾಡೋಕಾಗಲ್ಲ. ಅಲ್ಲ, ಇಷ್ಟು ಕೀವಿದ್ದೂ ಲ್ಯಾಬಲ್ಲಿ ಯಾಕೆ ಬೆಳೀಲಿಲ್ಲ? ನಡುವೆ ಬೇರೆ ಮಾತ್ರೆ ಏನಾದ್ರೂ ಕೊಟ್ಟಿದ್ರಾ?"

"ಒಂದೂ ಕೊಟ್ಟಿಲ್ಲ ಮೇಡಂ," ಎಂದ ಅಪ್ಪ.

ಅಶ್ವಿನಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು. ಆಣೆ ಇಟ್ಟವರೇ ಬಿಡಿಸಿದರೆ ಏನೂ ಆಗುವುದಿಲ್ಲ. "ಅಜ್ಜಿ, ಆಣೆ ಬಿಡ್ಸು. ಬಿಟ್ಟೆ ಅಂತ ಒಂದೇ ಒಂದ್ಸಲ ಹೇಳಜ್ಜಿ."

ಅಜ್ಜಿಯ ಗಂಟಲಿನಿಂದ ಗೊರಗೊರ ಸದ್ದು ಬಂತು. ಅದು ಹೂಂ ಎಂದದ್ದೋ ಊಹೂಂ ಎಂದದ್ದೋ ತಿಳಿಯಲಿಲ್ಲ.

ಹೇಳಿದರೆ ಅಜ್ಜಿ ಸಾಯುತ್ತಾಳೆ. ಹೇಳದಿದ್ದರೂ ಸಾಯುತ್ತಾಳೇನೋ.

"ನಾನು ಕೊಟ್ಟೆ," ಎಂದಳು. "ಕೆಂಪು ಮಾತ್ರೆ. ಆರು."

ಅಪ್ಪ ಗಕ್ಕನೆ ತಿರುಗಿದ. ಏಟು ಬೀಳುತ್ತದೆ ಎಂದು ಅವಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಡಾಕ್ಟರ್ ಆಗಲೇ ಶಿವಮೊಗ್ಗದ ಆಸ್ಪತ್ರೆಗೆ ಫೋನ್ ಮಾಡಿದ್ದರು. "ಆ ರಿಪೋರ್ಟ್ ನಂಬ್ಬೇಡಿ, ಸ್ಯಾಂಪಲ್‌ಗೆ ಮುಂಚೆ ಆಂಟಿಬಯೋಟಿಕ್ ನುಂಗಿದ್ರಂತೆ. ಒಳಗಿಂದ ಮತ್ತೆ ಕೀವು ತೆಗೆದು ಕಳಿಸಿ."

ದಾರಿಯುದ್ದಕ್ಕೂ ಅಶ್ವಿನಿ ಅಜ್ಜಿಗೆ ಉಸಿರು ಬರುತ್ತಿದೆಯಾ ಎಂದು ನೋಡುತ್ತಲೇ ಇದ್ದಳು.

ಅಜ್ಜಿ ಸಾಯಲಿಲ್ಲ. ಕುತ್ತಿಗೆಯ ಹತ್ತಿರ ಕೊಯ್ದು ಕೀವು ತೆಗೆದರು, ಹಲ್ಲನ್ನೂ ಕಿತ್ತರು. ಈ ಸಲ ಲ್ಯಾಬಿನ ತಟ್ಟೆಯಲ್ಲಿ ಕ್ರಿಮಿ ಬೆಳೆಯಿತು. ಅದಕ್ಕೆ ತಕ್ಕ ಇಂಜೆಕ್ಷನ್ ಸಿಕ್ಕಿತು. ಜ್ವರ ಇಳಿದ ದಿನ, ಅಶ್ವಿನಿಯಿಂದ ಎಲ್ಲ ಕೇಳಿ ತಿಳಿದಿದ್ದ ಅಪ್ಪ ತಡೆಯಲಾರದೆ ರೇಗಿದ. "ಈ ವಯಸ್ಸಲ್ಲಿ ಮಗು ಕೈಲಿ ಕದ್ದು ಮಾತ್ರೆ ಇಸ್ಕೊಂಡು, ಮೇಲೆ ಆಣೆ ಬೇರೆ ಹಾಕ್ಸಿದ್ಯಲ್ಲವ್ವ." ವಾರ್ಡಿನವರೆಲ್ಲ ತಿರುಗಿ ನೋಡಿದರು.

ಹದಿನೈದು ದಿನಕ್ಕೆ ಮನೆಗೆ ಬಂದ ಅಜ್ಜಿ ಅಪ್ಪನ ಹತ್ತಿರ, ಅಮ್ಮನ ಹತ್ತಿರ ಒಂದೆರಡು ಮಾತಾಡುತ್ತಿದ್ದಳು. ಅಶ್ವಿನಿಯ ಹತ್ತಿರ ಒಂದು ಮಾತೂ ಇಲ್ಲ. ಅಶ್ವಿನಿಗೆ ಅಳು ಬರುತ್ತಿತ್ತು. ಆಣೆ ಮುರಿದವಳ ಜೊತೆ ಯಾರು ಮಾತಾಡುತ್ತಾರೆ?

ಒಂದು ಸಂಜೆ ಅವಳೇ ಗಂಜಿ ತಂದಳು. "ಅಜ್ಜಿ, ನನ್ ಮೇಲೆ ಸಿಟ್ಟಾ?"

ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

ಸಿಟ್ಟು ಬಂದರೆ ಅಜ್ಜಿ ದುರುಗುಟ್ಟಿ ನೋಡುವವಳು. ಮುಖ ಮುಚ್ಚಿಕೊಳ್ಳುವವಳಲ್ಲ. ಇದು ಸಿಟ್ಟಲ್ಲ ಎಂದು ಅಶ್ವಿನಿಗೆ ಆಗ ಹೊಳೆಯಿತು. ಇಷ್ಟು ದೊಡ್ಡವರಿಗೂ ಚಿಕ್ಕವರ ಎದುರು ನಾಚಿಕೆಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಗಂಜಿಯ ಬಟ್ಟಲನ್ನು ಅಜ್ಜಿಯ ಕೈಗೆ ಎಟುಕುವಂತೆ ಇಟ್ಟಳು.

"ನಾನು ನೋಡಲ್ಲ ಅಜ್ಜಿ. ಉಣ್ಣು."

ಬೆನ್ನು ತಿರುಗಿಸಿ, ಬಾಗಿಲ ಕಡೆ ಮುಖ ಮಾಡಿ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿಸಿತು. ಅಶ್ವಿನಿಯ ಕಣ್ಣಿನಿಂದ ನೀರು ಇಳಿಯಿತು. ಅವಳು ತಿರುಗಲಿಲ್ಲ.